ಸಾಸೇಜ್ ಹೇಗಿದೆ ಎಂದು ಯಾರನ್ನು ಕೇಳಬೇಕು?

ಚಿಕನ್ ಸಾಸೇಜಿನಲ್ಲಿ ಉಪ್ಪು ತಗ್ಗಿಸಬೇಕೆಂದು ಹೊರಟ ತಯಾರಕರು ಸಾಮಾನ್ಯವಾಗಿ ಮೊದಲು ಮಾಡುವುದು, ಕಚೇರಿಯ ನಾಲ್ಕು ಜನಕ್ಕೆ ತಿನ್ನಿಸಿ ‘ಹೇಗಿದೆ?’ ಎಂದು ಕೇಳುವುದು. ಯಜಮಾನರೇ ಎದುರು ನಿಂತಿರುವಾಗ ಚೆನ್ನಾಗಿಲ್ಲ ಎನ್ನುವ ಧೈರ್ಯ ಯಾರಿಗಿದೆ?

ಸಾಸೇಜಿನಲ್ಲಿ ಉಪ್ಪಿರುವುದು ರುಚಿಗಷ್ಟೇ ಅಲ್ಲ. ಮಾಂಸದಿಂದ ಮಯೋಸಿನ್ ಪ್ರೋಟೀನನ್ನು ಹೊರಗೆಳೆಯುವುದೂ ಅದೇ. ಬೇಯುವಾಗ ಆ ಪ್ರೋಟೀನು ಗಟ್ಟಿಯಾಗಿ ನೀರನ್ನೂ ಕೊಬ್ಬನ್ನೂ ಹಿಡಿದಿಡುತ್ತದೆ. ಶೇ 2ರ ಆಸುಪಾಸಿನ ಉಪ್ಪನ್ನು ಬೇರೇನೂ ಸೇರಿಸದೆ ಶೇ 1.5ಕ್ಕಿಂತ ಕೆಳಗಿಳಿಸಿದರೆ ಸಪ್ಪೆಯ ಜೊತೆಗೆ ರಸ ಸೋರುವುದು, ಕಚ್ಚಿದರೆ ಪುಡಿಯಾಗುವುದು ಶುರು. ಒಂದಷ್ಟು ಉಪ್ಪಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ ಬಂಧ ಉಳಿಯುತ್ತದೆ. ಆದರೆ ಹೆಚ್ಚಾದರೆ ನಾಲಿಗೆಗೆ ಕಹಿ, ಲೋಹದ ರುಚಿ.

ಈ ಕಹಿ ಎಷ್ಟಿದೆ, ರಸ ಎಷ್ಟು ಕಡಿಮೆಯಾಗಿದೆ ಎಂದು ಅಳೆಯಲು ತರಬೇತಿ ಪಡೆದ ಹತ್ತು-ಹನ್ನೆರಡು ಜನರ ತಂಡ ಸಾಕು. ಅವರನ್ನು ‘ಇಷ್ಟವಾಯಿತೇ?’ ಎಂದು ಮಾತ್ರ ಕೇಳಬೇಡಿ. ಅವರು ಅಳತೆಯ ಉಪಕರಣ, ಗಿರಾಕಿಗಳಲ್ಲ.

ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂಬುದೊಂದೇ ಸಂಶಯವಾದರೆ ತ್ರಿಕೋನ ಪರೀಕ್ಷೆ ಮಾಡಿ: ಮೂರು ತುಂಡು, ಎರಡು ಒಂದೇ ಬಗೆ, ಬೇರೆಯದನ್ನು ಗುರುತಿಸಬೇಕು. ಸುಮ್ಮನೆ ಊಹಿಸಿದರೂ 30 ಜನರಲ್ಲಿ ಸುಮಾರು 10 ಮಂದಿ ಸರಿ ಹೇಳುತ್ತಾರೆ. 15 ಮಂದಿ ಗುರುತಿಸಿದರೆ ವ್ಯತ್ಯಾಸ ನಿಜವೆಂದು ಒಪ್ಪಬಹುದು. ಬಣ್ಣ ಸುಳಿವು ಕೊಡದಂತೆ ಕೆಂಪು ದೀಪ ಹಾಕುವುದುಂಟು.

ಇಷ್ಟಾನಿಷ್ಟದ ಪ್ರಶ್ನೆ ಸಾಸೇಜ್ ಕೊಂಡು ತಿನ್ನುವವರಿಗೆ, ಅದೂ ನೂರರ ಲೆಕ್ಕದಲ್ಲಿ. ಇದಕ್ಕೆ ಬಳಸುವ 9 ಅಂಕಗಳ ಮಾಪಕವನ್ನು (1 ಎಂದರೆ ಸ್ವಲ್ಪವೂ ಇಷ್ಟವಿಲ್ಲ, 9 ಎಂದರೆ ತುಂಬಾ ಇಷ್ಟ) 1940ರ ದಶಕದ ಕೊನೆಯಲ್ಲಿ ಅಮೆರಿಕದ ಸೇನೆ ಸೈನಿಕರ ಊಟಕ್ಕಾಗಿ ರೂಪಿಸಿತು. ಸರಾಸರಿ ನೋಡಿ ಮೋಸಹೋಗಬೇಡಿ. ಸರಾಸರಿ 6 ಎಂದರೆ ಎಲ್ಲರಿಗೂ ಪರವಾಗಿಲ್ಲ ಎನಿಸಿರಬಹುದು, ಇಲ್ಲವೇ ಅರ್ಧ ಜನ 8 ಕೊಟ್ಟು ಉಳಿದರ್ಧ 4 ಕೊಟ್ಟಿರಬಹುದು. ಎರಡನೆಯದಾದರೆ ನಿಮ್ಮ ಮುಂದಿರುವುದು ಎರಡು ಮಾರುಕಟ್ಟೆ.

ಇನ್ನೊಂದು ಮಾತು. ನಮ್ಮ ಕಡೆ ಸಾಸೇಜನ್ನು ಬರಿದೇ ಬೇಯಿಸಿ ತಿನ್ನುವವರಿಗಿಂತ ಈರುಳ್ಳಿ, ಹಸಿಮೆಣಸಿನಕಾಯಿ, ಕಾಳುಮೆಣಸಿನ ಜೊತೆ ಹುರಿಯುವವರೇ ಹೆಚ್ಚೆಂದು ನನ್ನ ಅಂದಾಜು. ರುಚಿ ಪರೀಕ್ಷೆಯ ಬೂತಿನಲ್ಲಿ ಕಹಿ ಎನಿಸಿದ್ದು ಆ ಬಾಣಲೆಯಲ್ಲಿ ಮರೆಯಾಗಬಹುದು. ಪುಡಿಯಾಗುವ ಸಾಸೇಜಂತೂ ಸೌಟಿಗೆ ಸಿಕ್ಕಿ ಇನ್ನಷ್ಟು ಚೂರಾಗುತ್ತದೆ. ಹಾಗಾಗಿ ಕೊನೆಯ ಸುತ್ತಿನಲ್ಲಿ ಪ್ಯಾಕೆಟ್ಟನ್ನೇ ಮನೆಗೆ ಕೊಟ್ಟು ಕಳಿಸಿ, ಅವರು ಮಾಡುವ ಹಾಗೆಯೇ ಮಾಡಲಿ.