ಮರದಡಿ ಮೀಟಿಂಗ್ ಮಾಡಿ, ಆಕ್ಸಿಜನ್ ಕತೆ ಮಾತ್ರ ಬೇಡ

ಅಶ್ವತ್ಥ ಮರದ ಕಟ್ಟೆಯಲ್ಲಿ ಕೂತ್ರೆ ಆಕ್ಸಿಜನ್ ಜಾಸ್ತಿ ಸಿಗ್ತದೆ, ಅದ್ರಿಂದ ತಲೆ ಚುರುಕಾಗ್ತದೆ, ಆ ಮರ ರಾತ್ರಿಯೂ ಆಕ್ಸಿಜನ್ ಬಿಡ್ತದೆ ಅಂತ ಮೆಸೇಜು ವಾಟ್ಸಾಪಲ್ಲಿ ಸುತ್ತುತ್ತಾನೇ ಇರ್ತದೆ. ಈಗ ಕೆಲಸದ ಮೀಟಿಂಗನ್ನು ತೋಟದಲ್ಲೋ ಗುಡ್ಡೆಯಲ್ಲೋ ಮಾಡುವ ಅಂತ ಯಾರಾದ್ರೂ ಹೇಳಿದ್ರೂ ಮೊದಲು ಬರುವ ಕಾರಣ ಇದೇ. ಹೊರಗೆ ಮೀಟಿಂಗ್ ಮಾಡ್ಬೇಕು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಉಂಟು, ಕಾರಣ ಮಾತ್ರ ಅದಲ್ಲ. ಬೆಳಕಿಲ್ಲದೆ ಯಾವ ಮರವೂ ಆಕ್ಸಿಜನ್ ಬಿಡುವುದಿಲ್ಲ, ಅಶ್ವತ್ಥವೂ ಅಷ್ಟೇ. ಗಾಳಿಯಲ್ಲಿ ಆಕ್ಸಿಜನ್ ಒಳಗೂ ಹೊರಗೂ ಶೇಕಡಾ 21ರ ಹತ್ತಿರವೇ, ಬಾಗಿಲು ಹಾಕಿದ ಎಸಿ ರೂಮಲ್ಲಿ ಹತ್ತು ಜನ ಕೂತ್ರೂ ಅದು ಇಳಿಯುವುದು ಶೇಕಡಾ ಒಂದರಲ್ಲಿ ಸಣ್ಣ ಪಾಲು.

ರೂಮಲ್ಲಿ ಏರುವುದು ಕಾರ್ಬನ್ ಡೈಆಕ್ಸೈಡ್. ಹೊರಗೆ ಸುಮಾರು 420 ಪಿಪಿಎಂ (ಅಂದ್ರೆ ಗಾಳಿಯ ಹತ್ತು ಲಕ್ಷ ಪಾಲಲ್ಲಿ 420 ಪಾಲು) ಇದ್ರೆ ಗಾಳಿಯಾಡದ ರೂಮಲ್ಲಿ 2000 ದಾಟುವುದು ಕಷ್ಟವೇನಲ್ಲ. 2012ರಲ್ಲಿ ಅಮೆರಿಕದಲ್ಲಿ 22 ಜನರ ಮೇಲೆ ನಡೆದ ಪ್ರಯೋಗದಲ್ಲಿ 2500 ಪಿಪಿಎಂಗೆ ಹೋದಾಗ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಸಾಕಷ್ಟು ಕುಗ್ಗಿತ್ತು, ಮುಂದಿನ ಕೆಲವು ಪ್ರಯೋಗಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಏನೇ ಇರ್ಲಿ, ಇದಕ್ಕೆ ಎರಡು ಕಿಟಕಿ ತೆರೆದ್ರೆ ಸಾಕು, ಮರ ಬೇಕಂತಿಲ್ಲ.

ಹಾಗಾದ್ರೆ ಮರ ಎಂತಕ್ಕೆ? ಗಮನಕ್ಕೆ. ಮಿಶಿಗನ್ ಯುನಿವರ್ಸಿಟಿಯ ರೇಚಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ಬೆಳೆಸಿದ ಈ ವಿಚಾರ ನನಗೆ ಬಹಳ ಇಷ್ಟ, ಯಾಕಂದ್ರೆ ನಾವು ಗಮನ ಅಂತ ಹೇಳುವ ಸಂಗತಿಯನ್ನೇ ಅದು ತಿರುಗಿಸಿ ತೋರಿಸ್ತದೆ. ಅಂಗಳದಲ್ಲಿ ಭತ್ತ ಒಣಗಲು ಹಾಕಿ ಕಾವಲಿಗೆ ಅಜ್ಜಿಯನ್ನು ಕೂರಿಸಿದ್ದಾರೆ ಅಂತ ಇಟ್ಕೊಳ್ಳಿ. ಅಜ್ಜಿಗೆ ಸುಸ್ತಾಗುವುದು ಭತ್ತ ನೋಡಿ ಅಲ್ಲ, ಮತ್ತೆ ಮತ್ತೆ ಬರುವ ಕೋಳಿಗಳನ್ನು ಓಡಿಸಿ ಓಡಿಸಿ. ಮೀಟಿಂಗಲ್ಲಿ ಕೂತ ಮೆದುಳಿನ ಕೆಲಸವೂ ಇದೇ: ಬಜೆಟಿನ ಲೆಕ್ಕ ನೋಡುವುದು ದೊಡ್ಡದಲ್ಲ, ಫೋನಿನ ಟಿಂಗ್, ಪಕ್ಕದ ರೂಮಿನ ಮಾತು, ಮನೆಯ ಗ್ಯಾಸ್ ಬುಕ್ಕಿಂಗ್ ನೆನಪು, ಇವನ್ನೆಲ್ಲ ಕ್ಷಣಕ್ಷಣಕ್ಕೂ ತಡೆಯುವುದೇ ದೊಡ್ಡದು, ಆ ತಡೆಯುವ ಶಕ್ತಿ ಬಳಸಿದಷ್ಟು ದಣೀತದೆ. ಸಂಜೆ ನಾಲ್ಕಕ್ಕೆ ಅಜ್ಜಿ ಸೋತಾಗ ಕೋಳಿಗಳು ನೇರ ಭತ್ತದ ಮೇಲೆ ಬರ್ತವೆ, ನಾವು ಅದಕ್ಕೆ ಕಿರಿಕಿರಿ, ಮರೆವು, ಸುಮ್ನೆ ಸಿಟ್ಟು ಅಂತೆಲ್ಲ ಹೆಸರಿಡ್ತೇವೆ. ಈಗ ಹೊರಗೆ ಬನ್ನಿ. ಅಡಕೆ ಸೋಗೆ ಅಲ್ಲಾಡ್ತದೆ, ಮೋಡ ಹೋಗ್ತದೆ, ತೋಡಿನ ನೀರು ಹರೀತದೆ. ಇವೂ ಗಮನ ಸೆಳೀತವೆ, ಆದ್ರೆ ಮೆಲ್ಲಗೆ, ನೋಡಿದ್ರೂ ಆಯ್ತು ಬಿಟ್ರೂ ಆಯ್ತು, ಯಾವುದನ್ನೂ ಓಡಿಸುವ ಕೆಲಸ ಇಲ್ಲ. ಅಷ್ಟು ಹೊತ್ತು ಅಜ್ಜಿಗೆ ಕಾಲು ಚಾಚಿ ಕೂರುವ ಅವಕಾಶ ಸಿಗ್ತದೆ.

ಇದು ಬರೀ ಚಂದದ ಮಾತಲ್ಲ. 2008ರಲ್ಲಿ ಅದೇ ಯುನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳನ್ನು ಸುಮಾರು 50 ನಿಮಿಷ ಮರಗಳ ತೋಟದಲ್ಲಿ ಒಮ್ಮೆ, ಪೇಟೆ ರಸ್ತೆಯಲ್ಲಿ ಒಮ್ಮೆ ನಡೆಸಿ, ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆ ಕೊಟ್ರು. ತೋಟದಲ್ಲಿ ನಡೆದ ಮೇಲೆ ಸುಧಾರಣೆ ಹೆಚ್ಚು. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು: ಕೊರೆಯುವ ಚಳಿಯಲ್ಲಿ ನಡೆದವರಿಗೆ ನಡಿಗೆ ಖುಷಿ ಕೊಡದಿದ್ರೂ ಲಾಭ ಮಾತ್ರ ಸಿಕ್ಕಿತ್ತು. ಅಂದ್ರೆ ಇದು ಪಿಕ್ನಿಕ್ಕಿನ ಖುಷಿ ಅಲ್ಲ.

ಹೊಸ ಐಡಿಯಾ ಹುಟ್ಟುವುದರಲ್ಲಿ ನಡಿಗೆಯ ಪಾಲು ಬೇರೆಯೇ ಉಂಟು. 2014ರಲ್ಲಿ ಸ್ಟ್ಯಾನ್‌ಫೋರ್ಡಿನ ಮಾರಿಲಿ ಒಪೆಝೋ ಮತ್ತು ಡೇನಿಯಲ್ ಶ್ವಾರ್ಟ್ಸ್ ಮಾಡಿದ ಪ್ರಯೋಗಗಳಲ್ಲಿ ಕೂತವರಿಗಿಂತ ನಡೆಯುವವರ ಸೃಜನಶೀಲ ಉತ್ತರಗಳು ಸರಾಸರಿ ಶೇಕಡಾ 60ರಷ್ಟು ಹೆಚ್ಚಾದವು, ಖಾಲಿ ಗೋಡೆ ನೋಡ್ತಾ ಟ್ರೆಡ್‌ಮಿಲ್ ಮೇಲೆ ನಡೆದ್ರೂ ಲಾಭ ಇತ್ತು. ಆದ್ರೆ ಒಂದೇ ಸರಿಯುತ್ತರ ಇರುವ ಪ್ರಶ್ನೆಗಳಲ್ಲಿ ನಡೆಯುವವರು ಸ್ವಲ್ಪ ಹಿಂದೆ ಬಿದ್ರು. ಹಾಗಾಗಿ ಸಹಕಾರಿ ಸಂಘದ ಆಡಿಟ್ ಲೆಕ್ಕ ಮೇಜಿನ ಮೇಲೇ ನೋಡಿ, ಮುಂದಿನ ವರ್ಷ ಎಂತ ಹೊಸತು ಮಾಡುವ ಅನ್ನುವುದಕ್ಕೆ ಎದ್ದು ನಡೀರಿ.

ಇದರಲ್ಲಿ ನನಗೆ ತುಂಬಾ ಖುಷಿ ಕೊಡುವ ಘಟನೆ ಡಬ್ಲಿನ್ನಿನದ್ದು. 1843 ಅಕ್ಟೋಬರ್ 16ರಂದು ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ ಹೆಂಡತಿ ಜೊತೆ ರಾಯಲ್ ಕಾಲುವೆಯ ದಂಡೆಯಲ್ಲಿ ನಡೀತಾ ಹೋಗ್ತಿದ್ದ, ಹೋಗ್ತಾ ಇದ್ದದ್ದು ರಾಯಲ್ ಐರಿಷ್ ಅಕಾಡೆಮಿಯ ಒಂದು ಮೀಟಿಂಗಿಗೇ! ಎಷ್ಟೋ ವರ್ಷದಿಂದ ಕಾಡ್ತಿದ್ದ ಪ್ರಶ್ನೆಗೆ ದಾರಿಯಲ್ಲೇ ಉತ್ತರ ಹೊಳೆದು, ತಡೆಯಲಾರದೆ ಬ್ರೂಮ್ ಸೇತುವೆಯ ಕಲ್ಲಿನ ಮೇಲೆ ಚೂರಿಯಿಂದ ಸೂತ್ರ ಕೆತ್ತಿದ. ಕ್ವಾಟರ್ನಿಯನ್ ಅಂತ ಹೆಸರಾದ ಆ ನಾಲ್ಕು ಭಾಗಗಳ ಸಂಖ್ಯೆ ಇಂದು ಉಪಗ್ರಹ ತಿರುಗಿಸುವ ಲೆಕ್ಕದಲ್ಲೂ ಮಕ್ಕಳ ತ್ರೀಡಿ ಗೇಮುಗಳಲ್ಲೂ ಉಂಟು. ನಮ್ಮ ದೇಶದಲ್ಲಿ ರವೀಂದ್ರನಾಥ ಟಾಗೋರ್ 1901ರಲ್ಲಿ ಶಾಂತಿನಿಕೇತನದ ಶಾಲೆ ಸುರು ಮಾಡಿ ಮರದಡಿ ಪಾಠ ನಡೆಸಿದ್ದು ಎಲ್ಲರಿಗೂ ಗೊತ್ತಿದ್ದದ್ದೇ.

ಕಾರಣ ತಪ್ಪಾದ್ರೇನು, ಕೆಲಸ ಆದ್ರೆ ಸಾಕಲ್ಲ ಅಂತ ಕೇಳುವವರಿದ್ದಾರೆ. ಸಾಕಾಗುವುದಿಲ್ಲ ಮಾರಾಯ್ರೇ. ಆಕ್ಸಿಜನ್ ನಂಬಿದವರು ಬಸ್‌ಸ್ಟ್ಯಾಂಡ್ ಪಕ್ಕದ ಅಶ್ವತ್ಥ ಕಟ್ಟೆಯನ್ನೇ ಹುಡುಕ್ತಾರೆ, ಅಲ್ಲಿ ಹಾರನ್ನು, ಲಾಟರಿಯವರ ಮೈಕು, ಕೈಯಲ್ಲಿ ಫೋನು, ಓಡಿಸ್ಬೇಕಾದ ಕೋಳಿಗಳು ರೂಮಿಗಿಂತ ಜಾಸ್ತಿ. ಗಮನದ ವಿಷಯ ಗೊತ್ತಿದ್ದವರು ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ಯಾವುದೇ ಗೇರುಗುಡ್ಡೆಯ ನೆರಳು ಆರಿಸ್ತಾರೆ, ಮರದ ಜಾತಿ ಕೇಳುವುದಿಲ್ಲ, ಫೋನುಗಳನ್ನು ಚೀಲದಲ್ಲಿ ಹಾಕಿಡ್ತಾರೆ. ಮನೆಯಲ್ಲೇ ಕೂತು ಬೆಂಗಳೂರಿನ ಕಂಪೆನಿಗೆ ಕೆಲಸ ಮಾಡುವ ಮಕ್ಕಳಿಗೆ ಇನ್ನೂ ಸುಲಭ, ಸ್ಕ್ರೀನ್ ನೋಡ್ಬೇಕಿಲ್ಲದ ಕಾಲ್ ಇದ್ರೆ ಇಯರ್‌ಫೋನ್ ಹಾಕಿ ತೋಟದ ದಾರಿಯಲ್ಲಿ ನಡೆದ್ರಾಯ್ತು. ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ನಮ್ಮ ಕುಟುಂಬಶ್ರೀಯ ಹೆಂಗಸರು ಮನೆಯಂಗಳದಲ್ಲಿ ವಾರದ ಸಭೆ ಕೂರುವುದುಂಟು, ಆಫೀಸಿನವರು ಅದನ್ನೊಮ್ಮೆ ನೋಡ್ಬೇಕು.

ಬೆಳಕಿನದ್ದೂ ಒಂದು ಲಾಭ ಉಂಟು, ಆಫೀಸಿನೊಳಗೆ 300ರಿಂದ 500 ಲಕ್ಸ್ (ಬೆಳಕಿನ ಅಳತೆ), ಹೊರಗೆ ನೆರಳಲ್ಲೂ ಸಾವಿರಗಟ್ಟಲೆ, ಹಗಲು ಬೆಳಕು ಸರಿಯಾಗಿ ಕಂಡ ದೇಹಕ್ಕೆ ರಾತ್ರಿ ನಿದ್ದೆ ಹೊತ್ತಿಗೆ ಬರ್ತದೆ.

ಕಾಲ ನೋಡಿ ಹೊರಡ್ಬೇಕು. ಏಪ್ರಿಲ್ ಮಧ್ಯಾಹ್ನ ನಮ್ಮ ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಆಗ ಹೊರಗೆ ಕೂತು ಯೋಚನೆ ಸಾಗುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಬೆಳಗ್ಗೆ ಒಳ್ಳೇದು. ಅಡಕೆ ತೋಟವಾದ್ರೆ ಬಿದ್ದ ಹಾಳೆಗಳಲ್ಲಿ ನಿಂತ ನೀರು ಮೊದಲು ಚೆಲ್ಲಿ, ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಅಲ್ಲೇ ಮರಿ ಮಾಡುವುದು. ಜೂನ್ ಬಂದ ಮೇಲೆ ಜಗಲಿಗೆ ಬನ್ನಿ, ಕುರ್ಚಿಗಳನ್ನು ಗೋಡೆ ಬದಲು ತೋಟಕ್ಕೆ ಮುಖ ಮಾಡಿ ಹಾಕಿ. ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿತ್ತಕೋಶದ ಆಪರೇಷನ್ ಆದವರ ಪೈಕಿ ಕಿಟಕಿಯಿಂದ ಮರ ಕಾಣುವ ಬೆಡ್ಡಿನವರು, ಇಟ್ಟಿಗೆ ಗೋಡೆ ಕಾಣುವವರಿಗಿಂತ ಬೇಗ ಮನೆಗೆ ಹೋಗಿದ್ರು, ನೋವಿನ ಜೋರು ಮದ್ದೂ ಕಮ್ಮಿ ಬೇಕಾಗಿತ್ತು.