ಪರದೆ ಮುಂದೆ ಕೂತರೆ ಹಾರಿದ ಹಾಗೆ ಯಾಕೆ ಅನಿಸುತ್ತದೆ?

ಓದುಗರ ಪ್ರಶ್ನೆ: ನಾನು, ನನ್ನ ಗೆಳೆಯ ಇಬ್ಬರೂ ಥೀಮ್ ಪಾರ್ಕ್ ವಿಡಿಯೋ ನೋಡುವ ಹುಚ್ಚರು. ಎಲ್ಲಿ ಹೊಸ ರೈಡ್ ಬಂದರೂ ನಮ್ಮಿಬ್ಬರಿಗೆ ಜಗಳ. ಪರದೆ ಮುಂದೆ ಕುರ್ಚಿ ಅಲುಗಾಡಿಸುವುದು ರೈಡೇ ಅಲ್ಲ, ಅದು ಟಾಕೀಜು ಅಂತ ಅವನು. ಆದರೆ ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಪಾರ್ಕಿನಲ್ಲಿ ‘ಐ ಫಾರ್ ಇಂಡಿಯಾ’ ರೈಡ್‌ನಲ್ಲಿ ಕೂತಾಗ ನನಗೆ ನಿಜಕ್ಕೂ ಹಾರಿದ ಹಾಗೇ ಆಯಿತು. ಕುರ್ಚಿ ಇದ್ದ ಕೋಣೆ ಬಿಟ್ಟು ಎಲ್ಲೂ ಹೋಗಲಿಲ್ಲ. ಮತ್ತೆ ಇದು ಹೇಗೆ? ಬರೀ ಮೋಸಾನಾ? (ವಿಜಯಪುರದಿಂದ ಒಬ್ಬ ಓದುಗ)

ಉತ್ತರ: ಈ ಜಗಳ ನನಗೆ ಹೊಸದಲ್ಲ. ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲೂ ಇದೇ ನಡೆಯುತ್ತದೆ. ನನ್ನ ಅಕ್ಕನ ಮಗ ನಿಮ್ಮ ಗೆಳೆಯನ ಪಾರ್ಟಿ. ಊಟದ ತಾಟಿನ ಪಕ್ಕ ಮೊಬೈಲ್ ಇಟ್ಟುಕೊಂಡು, "ಮಾಮಾ, ಮತ್ತ ಪರದೆ ರೈಡ್ ಕಟ್ಟಾಕತ್ತಾರ ನೋಡು" ಅಂತ ಹೊಟ್ಟೆ ಉರಿದುಕೊಳ್ಳುತ್ತಾನೆ. ಫ್ಲೋರಿಡಾದ ಪಾರ್ಕಿಗೂ ಅವನಿಗೂ ಏನು ಸಂಬಂಧವೋ ದೇವರಿಗೇ ಗೊತ್ತು.

ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ಮೋಸವೇ. ಆದರೆ ಎಲ್ಲರೂ ಅಂದುಕೊಂಡಂತೆ ಅದು ಬರೀ ಕಣ್ಣಿಗೆ ಆಗುವ ಮೋಸ ಅಲ್ಲ. ಅಸಲಿ ಕೆಲಸ ನಡೆಯುವುದು ಕಿವಿಯಲ್ಲಿ.

ನಮ್ಮ ಕಿವಿಯ ಒಳಭಾಗಕ್ಕೆ ಕೇಳಿಸಿಕೊಳ್ಳುವುದರ ಜೊತೆಗೆ ಇನ್ನೊಂದು ಉದ್ಯೋಗ ಇದೆ. ಮೈ ಯಾವ ಕಡೆ ತಿರುಗಿತು, ಎತ್ತ ವಾಲಿತು, ಮುಂದೆ ಸಾಗಿತಾ ಅಂತ ಮಿದುಳಿಗೆ ವರದಿ ಕೊಡುವುದು. ಅಲ್ಲಿ ಅರ್ಧ ಬಳೆಯಂಥ ಮೂರು ಸಣ್ಣ ಕೊಳವೆಗಳಿವೆ, ಒಳಗೆ ನೀರಿನಂಥ ದ್ರವ. ತಲೆ ತಿರುಗಿಸಿದರೆ ಅದು ತುಳುಕುತ್ತದೆ. ತಿರುಗಿದ್ದು ಗೊತ್ತಾಗುವುದು ಹೀಗೆ. ಇದರ ಪಕ್ಕದಲ್ಲೇ ಎರಡು ಪುಟ್ಟ ಚೀಲಗಳು. ಅವುಗಳಲ್ಲಿ ಅಂಟಂಟಾದ ಒಂದು ಹಾಸು, ಹಾಸಿನ ಮೇಲೆ ಸುಣ್ಣದ ಹರಳುಗಳು. ನಮ್ಮ ಜಿಲ್ಲೆಯವರು ಸುಣ್ಣದಕಲ್ಲು ಅಂದರೆ ಸಿಮೆಂಟ್ ಫ್ಯಾಕ್ಟರಿ ನೆನೆಯುತ್ತಾರೆ. ಅದೇ ವಸ್ತು ಎಲ್ಲರ ಕಿವಿಯೊಳಗೂ ಚೂರುಚೂರು ಇದೆ! ಹಾಸಿನ ಕೆಳಗೆ ಕೂದಲಿನಂಥ ಎಳೆಗಳು. ಮೈ ಮುಂದಕ್ಕೆ ನುಗ್ಗಿದಾಗ ಹರಳುಗಳು ಹಿಂದೆ ಉಳಿಯುತ್ತವೆ, ಗಾಳಿಗೆ ಜೋಳದ ಬೆಳೆ ಬಾಗಿದ ಹಾಗೆ ಎಳೆಗಳು ಬಾಗುತ್ತವೆ. "ಮುಂದೆ ಹೊರಟೆವು" ಅಂತ ಮಿದುಳಿಗೆ ಸುದ್ದಿ ಹೋಗುತ್ತದೆ.

ತಮಾಷೆ ಇರುವುದು ಇಲ್ಲೇ. ನೀವು ಎಲ್ಲಿಗೂ ಹೋಗದೆ ಸುಮ್ನೆ ಹಿಂದಕ್ಕೆ ವಾಲಿದರೂ ಆ ಹರಳುಗಳು ಹಿಂದಕ್ಕೇ ಜಾರುತ್ತವೆ. ಎಳೆಗಳು ಅದೇ ದಿಕ್ಕಿಗೆ ಬಾಗುತ್ತವೆ. ಮುಂದೆ ನುಗ್ಗಿದ್ದಕ್ಕೂ ಹಿಂದೆ ವಾಲಿದ್ದಕ್ಕೂ ಅವು ಕೊಡುವ ವರದಿ ಒಂದೇ. ಇದರಲ್ಲಿ ಕಿವಿಯ ತಪ್ಪೇನಿಲ್ಲ. ಭೂಮಿ ಎಳೆಯುವುದನ್ನೂ ವೇಗ ಏರುವುದನ್ನೂ ಮೈಮೇಲಿನ ಭಾರದಿಂದ ಬೇರೆ ಮಾಡಲು ಬರುವುದಿಲ್ಲ ಅಂತ ಐನ್‌ಸ್ಟೈನ್ 1907ರಲ್ಲೇ ಹೊಳೆಸಿಕೊಂಡಿದ್ದರು. ಅದರಿಂದ ಅವರು ದೊಡ್ಡ ಸಿದ್ಧಾಂತ ಕಟ್ಟಿದರು. ರೈಡ್ ಕಟ್ಟುವವರು ಕುರ್ಚಿ ಕಟ್ಟಿದರು.

ಲೆಕ್ಕ ಹಾಕಿ ನೋಡಿ. ಕುರ್ಚಿಯನ್ನು 20 ಡಿಗ್ರಿ ಹಿಂದಕ್ಕೆ ವಾಲಿಸಿದರೆ ನಿಮ್ಮ ತೂಕದ ಸುಮಾರು ಮೂರರಲ್ಲಿ ಒಂದು ಪಾಲು ಬೆನ್ನಿನ ಮೇಲೆ ಬೀಳುತ್ತದೆ. 60 ಕಿಲೋ ತೂಗುವವರಿಗೆ 20 ಕಿಲೋ. ಒಂದು ಕಾರು ಎಂಟು ಸೆಕೆಂಡಿನಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗಕ್ಕೆ ಏರಿದರೆ ಸೀಟು ನಿಮ್ಮ ಬೆನ್ನನ್ನು ಒತ್ತುವುದೂ ಹೆಚ್ಚು ಕಡಿಮೆ ಅಷ್ಟೇ. ಈಗ ಪರದೆಯ ಮೇಲೆ ವಿಮಾನ ಜೋರಾಗಿ ಹೊರಡುವುದನ್ನು ತೋರಿಸಿ, ಅದೇ ಹೊತ್ತಿಗೆ ಕುರ್ಚಿ ವಾಲಿಸಿ. ಕಣ್ಣು "ಹೊರಟೆವು" ಅನ್ನುತ್ತದೆ, ಬೆನ್ನು ಹೌದೆನ್ನುತ್ತದೆ, ಕಿವಿ ಸಹಿ ಹಾಕುತ್ತದೆ. ಮೂರು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ಮಿದುಳು ಇನ್ನೇನು ಮಾಡೀತು?

ಹಾಗಾದರೆ ಕುರ್ಚಿ ವಾಲಿದ್ದೇ ಗೊತ್ತಾಗುವುದಿಲ್ವಾ? ಬೇಗ ವಾಲಿಸಿದರೆ ಗೊತ್ತಾಗುತ್ತದೆ, ಆ ಮೂರು ಕೊಳವೆಗಳು ಹಿಡಿದುಬಿಡುತ್ತವೆ. ಆದರೆ ಸೆಕೆಂಡಿಗೆ ಸುಮಾರು ಮೂರು ಡಿಗ್ರಿಗಿಂತ ನಿಧಾನ ತಿರುಗಿಸಿದರೆ ಅವು ಗಮನಿಸುವುದಿಲ್ಲ ಅನ್ನುವುದು ಈ ಕಸುಬಿನವರ ಲೆಕ್ಕ. ಅದಕ್ಕೇ ಮೊದಲು ಒಂದು ಸಣ್ಣ ನೂಕು ಕೊಡುತ್ತಾರೆ, ಅದರ ಸದ್ದಿನಲ್ಲೇ ಮೆಲ್ಲಗೆ ವಾಲಿಸುತ್ತಾರೆ. ಆಮೇಲೆ ನೀವು ಪರದೆಯಲ್ಲಿ ಮೈಮರೆತಾಗ ಕುರ್ಚಿಯನ್ನು ಕಳ್ಳನ ಹಾಗೆ ಮೊದಲಿನ ಜಾಗಕ್ಕೆ ತರುತ್ತಾರೆ. ಮುಂದಿನ ಆಟಕ್ಕೆ ಜಾಗ ಬೇಕಲ್ವಾ?

ಇದೆಲ್ಲ ಪಾರ್ಕಿನವರು ಕಂಡುಹಿಡಿದಿದ್ದಲ್ಲ. ಪೈಲಟ್‌ಗಳಿಗೆ ನೆಲದ ಮೇಲೇ ಹಾರಾಟ ಕಲಿಸಲು ಎಡ್ವಿನ್ ಲಿಂಕ್ ಎಂಬ ಅಮೆರಿಕನ್ 1929ರಲ್ಲಿ ಒಂದು ಅಲುಗಾಡುವ ಪೆಟ್ಟಿಗೆ ಮಾಡಿದ್ದ. ಮುಂದೆ ಆರು ಕಾಲಿನ ಯಂತ್ರ ಬಂತು. ಆರೂ ಕಾಲು ಉದ್ದ ಗಿಡ್ಡ ಆಗುತ್ತವೆ, ಮೇಲಿನ ಹಲಗೆ ಯಾವ ದಿಕ್ಕಿಗೆ ಬೇಕಾದರೂ ವಾಲುತ್ತದೆ. 1987ರಲ್ಲಿ ಡಿಸ್ನಿಲ್ಯಾಂಡ್ ಅಂಥ ಯಂತ್ರದ ಮೇಲೆ ಪ್ರೇಕ್ಷಕರನ್ನು ಕೂರಿಸಿ ‘ಸ್ಟಾರ್ ಟೂರ್ಸ್’ ಶುರು ಮಾಡಿತು.

ನಿಮ್ಮ ಖೋಪೋಲಿಯ ರೈಡ್ ಬೇರೆ ಜಾತಿಯದು. ಅದರ ದೊಡ್ಡಪ್ಪ 2001ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ‘ಸೋರಿನ್’. ಹೆಸರು ಕೇಳಿ ನಮ್ಮವ್ವ, "ಸೋರೋ ಮಾಳಿಗೆ ನೋಡಾಕ ಅಮೆರಿಕಕ್ಕ ಹೋಗಬೇಕೇನು?" ಅಂದಿದ್ದಳು. ಅದರಲ್ಲಿ 87 ಜನರನ್ನು ಸಾಲು ಸಾಲಾಗಿ ಕೂರಿಸಿ ಇಡೀ ಸಾಲನ್ನೇ 12 ಮೀಟರ್‌ನಷ್ಟು ಮೇಲಕ್ಕೆ ಎತ್ತುತ್ತಾರೆ. ಎದುರಿಗೆ ಬೋಗುಣಿಯನ್ನು ಅಡ್ಡ ನಿಲ್ಲಿಸಿದಂಥ ಭಾರಿ ಪರದೆ, ಅಗಲ ಸುಮಾರು 25 ಮೀಟರ್. ಇದರ ನಮೂನೆಯನ್ನು ಮಾರ್ಕ್ ಸಮ್ನರ್ ಎಂಬ ಎಂಜಿನಿಯರ್ ಮೊದಲು ಮಕ್ಕಳು ಜೋಡಿಸಿ ಆಡುವ ಲೋಹದ ಆಟಿಕೆ ಸೆಟ್ಟಿನಿಂದ ಮನೆಯಲ್ಲೇ ಮಾಡಿದ್ದರು. ಕಿತ್ತಳೆ ತೋಟದ ಮೇಲೆ ಹಾರುವಾಗ ಕಿತ್ತಳೆ ವಾಸನೆಯನ್ನೂ ಬಿಡುತ್ತಿದ್ದರು.

ಪರದೆ ಅಷ್ಟು ದೊಡ್ಡದು ಯಾಕೆ ಬೇಕು? ಬಾಗಲಕೋಟೆ ಸ್ಟೇಶನ್‌ನಲ್ಲಿ ನಿಂತ ರೈಲಿನಲ್ಲಿ ಕೂತಿದ್ದೀರಿ ಅನ್ನಿ. ಪಕ್ಕದ ಹಳಿಯ ರೈಲು ಹೊರಟಿತು. ಒಂದು ಕ್ಷಣ ನಿಮ್ಮದೇ ಹೊರಟಿತು ಅನಿಸುತ್ತದೆ. ಕಿಟಕಿ ತುಂಬ ಏನೋ ಸರಿಯುತ್ತಿದ್ದರೆ, ಅದರಲ್ಲೂ ಕಣ್ಣಂಚಿನಲ್ಲಿ ಸರಿಯುತ್ತಿದ್ದರೆ, ಸರಿಯುತ್ತಿರುವುದು ನಾವೇ ಅಂತ ಮಿದುಳು ತೀರ್ಮಾನಿಸುತ್ತದೆ. ಪರದೆಯ ಅಂಚು ಕಂಡಿತೋ, ಆಟ ಮುಗಿಯಿತು. ಮನೆಯ ಟಿವಿಯಲ್ಲಿ ಅದೇ ವಿಡಿಯೋ ನೋಡಿದರೆ ಏನೂ ಆಗದಿರುವುದು ಅದಕ್ಕೇ.

ಸಾಕ್ಷಿಗಳು ಜಗಳಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನದೇ ಅನುಭವ ಇದೆ. ಒಂದು ಊರಿನ ಮಾಲ್‌ನಲ್ಲಿ ‘ಸೆವೆನ್ ಡಿ’ ಅಂತ ಬೋರ್ಡ್ ನೋಡಿ ಟಿಕೆಟ್ ತೆಗೆದೆ. ಪರದೆಯಲ್ಲಿ ಟ್ರಾಲಿ ಎಡಕ್ಕೆ ತಿರುಗಿ ಅರ್ಧ ಸೆಕೆಂಡ್ ಆದ ಮೇಲೆ ಕುರ್ಚಿ ಎಡಕ್ಕೆ ಎಗರುತ್ತಿತ್ತು. ಮೊಸಳೆ ಬಾಯಿ ತೆರೆಯುವ ಮೊದಲೇ ಮುಖಕ್ಕೆ ನೀರು ಬಿತ್ತು. ಹೊರಗೆ ಬಂದು ಒಂದು ನಿಂಬೆ ಸೋಡಾ ಕುಡಿದರೂ ಹೊಟ್ಟೆ ನೆಟ್ಟಗಾಗಲಿಲ್ಲ. ಚೋರ್ಲಾ ಘಾಟಿನಲ್ಲಿ ಬೆಳಗಾವಿಯಿಂದ ಗೋವಾಕ್ಕೆ ಹೋಗುವಾಗ ಮೊಬೈಲ್ ನೋಡುತ್ತಾ ಕೂತವರಿಗೂ ಇದೇ ಗತಿ. ಅಲ್ಲಿ ಕಿವಿ "ತಿರುಗ್ತಿದ್ದೇವೆ" ಅನ್ನುತ್ತದೆ, ಕಣ್ಣು "ಇಲ್ಲ, ಸುಮ್ನೆ ಕೂತಿದ್ದೇವೆ" ಅನ್ನುತ್ತದೆ. ಪರದೆ ರೈಡ್‌ನಲ್ಲಿ ಅದೇ ಜಗಳ ಉಲ್ಟಾ. ಎರಡಕ್ಕೂ ಸಂಕಟಪಡುವುದು ಮಾತ್ರ ಹೊಟ್ಟೆ.

ಈಗ ನಿಮ್ಮ ಗೆಳೆಯನ ಕಡೆಗೆ ಬರೋಣ. ಅವರ ಮಾತಿನಲ್ಲಿ ಒಂದು ಗಟ್ಟಿ ಅಂಶ ಇದೆ, ಬಹುಶಃ ಅವರಿಗೇ ಗೊತ್ತಿಲ್ಲದೆ.

ಪಂಚಮಿಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ನೆನೆಸಿಕೊಳ್ಳಿ. ಇಬ್ಬರು ಎದುರಾಬದುರಾ ನಿಂತು ಜೀಕಿ ಜೀಕಿ, ಜೋಕಾಲಿ ಟೊಂಗೆಯ ಎತ್ತರಕ್ಕೆ ಹೋಗಿ ನಿಂತೇ ಬಿಡುತ್ತದಲ್ಲ, ಆ ಗಳಿಗೆ. ಹಗ್ಗ ಸಡಿಲಾಗುತ್ತದೆ. ಹೊಟ್ಟೆಯೊಳಗೆ ಏನೋ ಝುಂ ಅಂತ ಮೇಲೇಳುತ್ತದೆ. ಸಿದ್ಧೇಶ್ವರ ಜಾತ್ರೆಯ ದೊಡ್ಡ ತೊಟ್ಟಿಲು ಮೇಲಿಂದ ಇಳಿಯುವಾಗಲೂ ಅದರದೇ ಸಣ್ಣ ರೂಪ. ಮೈ ಬೀಳುತ್ತಿರುವಾಗ ತೂಕ ಕಡಿಮೆಯಾಗುತ್ತದೆ, ಪೂರ್ತಿ ಬಿಟ್ಟುಬಿಟ್ಟರೆ ಇಲ್ಲವೇ ಇಲ್ಲ ಆಗುತ್ತದೆ. ಕರುಳು, ಜಠರ ಎಲ್ಲ ತಮ್ಮ ಜಾಗದಲ್ಲಿ ತೇಲುತ್ತವೆ.

ಕುರ್ಚಿ ವಾಲಿಸಿ ಇದನ್ನು ಮಾಡಲು ಆಗುವುದೇ ಇಲ್ಲ. ಎಷ್ಟು ವಾಲಿಸಿದರೂ ಭಾರ ಬೆನ್ನಿಗೋ ಎದೆಗೋ ಪಕ್ಕಕ್ಕೋ ಹೋಗುತ್ತದೆಯೇ ಹೊರತು ಒಂದು ತೊಲವೂ ಕಡಿಮೆಯಾಗುವುದಿಲ್ಲ. ತೂಕ ಹೋಗಬೇಕಾದರೆ ನಿಜವಾಗಿ ಬೀಳಲೇಬೇಕು. ಒಂದು ಸೆಕೆಂಡ್ ಬೀಳಲು ಸುಮಾರು ಐದು ಮೀಟರ್ ಬೇಕು. ಎರಡು ಸೆಕೆಂಡಿಗೆ ಇಪ್ಪತ್ತು. ನಿಮ್ಮೂರಿನ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್, ಅಷ್ಟರ ತುದಿಯಿಂದ ಹುಣಸೆ ಬೀಜ ಬಿಟ್ಟರೂ ಮೂರೂಕಾಲು ಸೆಕೆಂಡಿಗೆ ನೆಲ ಮುಟ್ಟುತ್ತದೆ. ಪರದೆ ಮುಂದಿನ ಯಂತ್ರದ ಕಾಲುಗಳಿಗೆ ಅಷ್ಟು ಉದ್ದ ಎಲ್ಲಿಂದ ಬರಬೇಕು? ಅದಕ್ಕೆ ಗುಡ್ಡದಂಥ ಕಬ್ಬಿಣದ ಹಳಿಯೇ, ಅಂದರೆ ರೋಲರ್ ಕೋಸ್ಟರೇ ಆಗಬೇಕು. ಕಿವಿಯನ್ನು ನಂಬಿಸಬಹುದು, ಹೊಟ್ಟೆಯನ್ನಲ್ಲ.

ಹಾಗಂತ ಕಬ್ಬಿಣದ ರೈಡ್ ಎಲ್ಲ ಸತ್ಯಹರಿಶ್ಚಂದ್ರ ಅಂತ ನಿಮ್ಮ ಗೆಳೆಯ ಬೀಗಬಾರದು. ಜಪಾನಿನ ಯೂನಿವರ್ಸಲ್ ಪಾರ್ಕಿನಲ್ಲಿ 2024ರ ಡಿಸೆಂಬರ್‌ನಲ್ಲಿ ಡಾಂಕಿ ಕಾಂಗ್ ಎಂಬ ವಿಡಿಯೋ ಗೇಮಿನ ಗಣಿ ಬಂಡಿಯ ರೈಡ್ ಬಂತು. ಮುರಿದ ಹಳಿಯ ಮೇಲಿಂದ ಬಂಡಿ ಜಿಗಿದು ಆಚೆ ಹಳಿಗೆ ಹೋಗುತ್ತದೆ! ನೋಡಿದವರು ಬಾಯಿ ಬಿಡುತ್ತಾರೆ. ಅಸಲಿಗೆ ಕಣ್ಣಿಗೆ ಕಾಣುವ ಆ ಹಳಿಯೇ ಸುಳ್ಳು. ಬಂಡಿ ಒಂದು ಅಡ್ಡ ತೋಳಿನ ತುದಿಯಲ್ಲಿ ಕೂತಿದೆ, ನಿಜವಾದ ಹಳಿ ಕೆಳಗೆ ಮರೆಯಲ್ಲಿದೆ. ನನ್ನ ಅಳಿಯನಿಗೆ ಇದನ್ನು ವಿವರಿಸಿದಾಗ ಒಂದು ದಿನ ನನ್ನ ಜೊತೆ ಮಾತು ಬಿಟ್ಟಿದ್ದ.

ಪಾರ್ಕಿನವರು ಪರದೆಯನ್ನು ಯಾಕೆ ಬಿಡುವುದಿಲ್ಲ ಅಂದರೆ, ಲೆಕ್ಕ ಸರಳ. ಕಬ್ಬಿಣದ ತಿರುವನ್ನು ಒಮ್ಮೆ ಕಟ್ಟಿದರೆ ಕಟ್ಟಿದ್ದೇ. ಪರದೆಯಲ್ಲಿ ಸಿನಿಮಾ ಬದಲಿಸಿದರೆ ರೈಡೇ ಹೊಸದು. ಸೋರಿನ್ ಕೂಡ ಬರೀ ಕ್ಯಾಲಿಫೋರ್ನಿಯಾ ತೋರಿಸುತ್ತಿದ್ದುದು 2016ರಲ್ಲಿ ಇಡೀ ಜಗತ್ತು ತೋರಿಸತೊಡಗಿತು. ಕುರ್ಚಿ ಅದೇ. ಆದರೆ ಒಂದಾದ ಮೇಲೆ ಒಂದರಂತೆ ಎಲ್ಲ ಪರದೆಯೇ ಆದಾಗ ಅಭಿಮಾನಿಗಳಿಗೆ ರೇಗಿತು. ನಮ್ಮ ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳನ್ನು ನೋಡಿ ಬೆಳೆದವರಿಗೆ ಈ ರೇಗು ಅರ್ಥವಾಗುತ್ತದೆ. ಬಣ್ಣದ ಪರದೆಯಲ್ಲಿ ಅರಮನೆ ಎಷ್ಟೇ ಚೆಂದ ಬರೆದಿರಲಿ, ಗುಬ್ಬಿ ಕಂಪನಿ ನಿಜವಾದ ಆನೆಯನ್ನೇ ರಂಗದ ಮೇಲೆ ತಂದಿತ್ತು ಅನ್ನುವ ಮಾತನ್ನು ಹಿರಿಯರು ಇನ್ನೂ ಬಿಟ್ಟಿಲ್ಲ.

2025ರ ಮೇ 22ರಂದು ಫ್ಲೋರಿಡಾದ ಆರ್ಲ್ಯಾಂಡೊದಲ್ಲಿ ಬಾಗಿಲು ತೆರೆದ ಯೂನಿವರ್ಸಲ್‌ನವರ ಹೊಸ ಪಾರ್ಕ್ ಎಪಿಕ್ ಯೂನಿವರ್ಸ್ ಆ ರೇಗಿಗೆ ಒಂದು ಮಟ್ಟಿನ ಉತ್ತರ. ಅಲ್ಲಿ ಐದು ಲೋಕಗಳಿವೆ. ಭೂತಪ್ರೇತಗಳ ಲೋಕದಲ್ಲಿ ಕುರ್ಚಿಯನ್ನು ಕಾರು ಫ್ಯಾಕ್ಟರಿಯ ರೋಬೋ ತೋಳಿನಂಥ ತೋಳು ಹಿಡಿದುಕೊಂಡು ಹೋಗುತ್ತದೆ, ಎದುರಿಗೆ ಬರುವ ಭೂತಗಳು ಬಹುತೇಕ ಯಂತ್ರದ ಬೊಂಬೆಗಳು. ಅದೇ ಪಾರ್ಕಿನ ಹ್ಯಾರಿ ಪಾಟರ್ ರೈಡ್ ಮಾತ್ರ ಪರದೆ, ಸೆಟ್ಟು ಎರಡನ್ನೂ ಬೆರೆಸುತ್ತದೆ. ನನ್ನ ಕೇಳಿದರೆ ಬೆರಕೆಯೇ ಸರಿ. ಹತ್ತಿರದಲ್ಲಿ ಕಲ್ಲು, ಮರ, ಬೊಂಬೆ ಇರಲಿ, ದೂರದ ಆಕಾಶಕ್ಕೆ ಪರದೆ ಇರಲಿ. ಕೈಗೆ ಸಿಗುವಷ್ಟು ಹತ್ತಿರ ಇರುವುದನ್ನು ಪರದೆಯಲ್ಲಿ ತೋರಿಸಿದರೆ ಮಗುವೂ ನಂಬುವುದಿಲ್ಲ.

ಹೊಸ ಲೋಕ ಕಟ್ಟಲು ಹಳೆಯದನ್ನು ಕೆಡವಿದರಂತೂ ಜಗಳ ಇನ್ನೂ ಜೋರು. ಫ್ಲೋರಿಡಾದ ಡಿಸ್ನಿ ಪಾರ್ಕ್ ಮ್ಯಾಜಿಕ್ ಕಿಂಗ್‌ಡಂನಲ್ಲಿ ‘ಕಾರ್ಸ್’ ಸಿನಿಮಾದ ಲೋಕಕ್ಕೆ ಜಾಗ ಬೇಕು ಅಂತ 2025ರ ಜುಲೈನಲ್ಲಿ ಅಲ್ಲಿನ ನದಿ, ದ್ವೀಪ, ದೋಣಿ ಎಲ್ಲ ಮುಚ್ಚಿದರು. ಕೈಯಿಂದ ಮಾಡಿದ ನದಿಯೇ ಆದರೂ ಜನ ಅತ್ತರು. ಆಲಮಟ್ಟಿ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಓಣಿಗಳು ಮುಳುಗುವುದನ್ನು ಕಂಡ ಊರಿನವನು ನಾನು. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ, ಆದರೂ ಅವರನ್ನು ನೋಡಿ ನಗಲು ಬಾಯಿ ಬರಲಿಲ್ಲ.

ನಮ್ಮ ಅಳಿಯ ಹಾಳೆಯ ಮೇಲೆ ‘ಆದಿಲ್‌ಶಾಹಿ ಲ್ಯಾಂಡ್’ ಬರೆದಿಟ್ಟಿದ್ದಾನೆ. ಪೂರ್ತಿ ಕಬ್ಬಿಣದ ರೈಡ್‌ಗಳೇ. ಏಪ್ರಿಲ್‌ನಲ್ಲಿ ವಿಜಯಪುರದ 40 ಡಿಗ್ರಿ ಬಿಸಿಲಿಗೆ ಆ ಹಳಿ ಮೇಲೆ ಯಾರು ಕೂತಾರು ಅಂತ ಕೇಳಿದೆ. ಪರದೆ ರೈಡ್ ಒಂದು ಏಸಿ ಕಟ್ಟಡದೊಳಗೆ ಮುಗಿಯುತ್ತದೆ, ಅದೂ ಒಂದು ಲಾಭ. ಇನ್ನು ಸರದಿ ಸಾಲು ಹೇಗಿರಬೇಕು ಅಂತ ಕಲಿಯಲು ಅವನು ಆರ್ಲ್ಯಾಂಡೊಗೆ ಹೋಗಬೇಕಿಲ್ಲ. ಗೋಳಗುಮ್ಮಟದ ಮೂಲೆ ಗೋಪುರದ ಇಕ್ಕಟ್ಟು ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಉಸಿರು ಹೋಗುತ್ತದೆ, ಆಮೇಲೆ ತಾರಸಿಯ ಬೆಳಕು, ಸಣ್ಣ ಬಾಗಿಲು, ಒಳಗೆ ಒಮ್ಮೆಲೇ ಆ ಖಾಲಿ. 1656ರ ಹೊತ್ತಿನವರು ಯಾರನ್ನೂ ರೈಡ್ ಹತ್ತಿಸಲು ಇದನ್ನು ಕಟ್ಟಲಿಲ್ಲ, ನಿಜ. ಆದರೂ ಮೇಲೆ ಹೋದವರೆಲ್ಲ ಒಂದು ಕೂಗು ಹಾಕದೆ ಇಳಿಯುವುದಿಲ್ಲ.

ಜಗಳ ಬಗೆಹರಿಯಬೇಕಾದರೆ ಇಬ್ಬರೂ ಮತ್ತೊಮ್ಮೆ ಖೋಪೋಲಿಗೆ ಹೋಗಿ. ಹಾರುವ ರೈಡ್‌ನಲ್ಲಿ ನಡುವೆ ಹತ್ತು ಸೆಕೆಂಡ್ ಕಣ್ಣು ಮುಚ್ಚಿ. ಹಾರಾಟ ಅಲ್ಲೇ ನಿಲ್ಲುತ್ತದೆ, ಉಳಿಯುವುದು ಮೆಲ್ಲಗೆ ತೂಗುವ ಕುರ್ಚಿ ಮತ್ತು ಫ್ಯಾನಿನ ಗಾಳಿ. ಆಮೇಲೆ ಅದೇ ಪಾರ್ಕಿನ ರೋಲರ್ ಕೋಸ್ಟರ್ ‘ನೈಟ್ರೊ’ ಹತ್ತಿ. ತಲೆಯನ್ನು ಸೀಟಿಗೆ ಒತ್ತಿಟ್ಟುಕೊಂಡು, ಮೊದಲ ಇಳಿಜಾರಿನಲ್ಲಿ ಅಲ್ಲೂ ಕಣ್ಣು ಮುಚ್ಚಿ. ಊಟ ಮಾತ್ರ ಇಳಿದು ಬಂದ ಮೇಲೆ ಮಾಡಿ.