ಫಿಲ್ಮನ್ನು ಅಡ್ಡ ಮಲಗಿಸಿದ ಮೆಕ್ಯಾನಿಕ್

ದುಬಾರಿ ಡಿಜಿಟಲ್ ಕ್ಯಾಮೆರಾ ಕೊಳ್ಳಲು ಹೋದರೆ ಅಂಗಡಿಯವರು ‘ಇದು ಫುಲ್ ಫ್ರೇಮ್’ ಎನ್ನುತ್ತಾರೆ. ಅಂದರೆ ಒಳಗಿರುವ ಸೆನ್ಸರ್ ಸುಮಾರು 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲ. ಇದೇ ಅಳತೆ ಯಾಕೆ? ಹೀಗೇ ಇರಬೇಕು ಅಂತ ಬೆಳಕಿನ ಯಾವ ನಿಯಮವೂ ಹೇಳುವುದಿಲ್ಲ. ಇದು ಬಂದದ್ದು ಸಿನಿಮಾ ರೀಲಿನ ತೂತುಗಳಿಂದ, ಆಸ್ಕರ್ ಬಾರ್ನಾಕ್ ಎಂಬ ಜರ್ಮನ್ ಮೆಕ್ಯಾನಿಕ್‌ನ ತಲೆಯಿಂದ.

1879ರಲ್ಲಿ ಹುಟ್ಟಿದ ಬಾರ್ನಾಕ್‌ಗೆ ಅಸ್ತಮಾ ಇತ್ತು. ಬೆಟ್ಟ ಕಾಡು ಸುತ್ತುವ ಹುಚ್ಚೂ ಇತ್ತು. ಆಗಿನ ಕ್ಯಾಮೆರಾಗೆ 13×18 ಸೆಂ.ಮೀ. ಗಾಜಿನ ಪ್ಲೇಟು ಬೇಕು. ಪ್ಲೇಟು, ಸ್ಟ್ಯಾಂಡು ಎಲ್ಲ ಹೊತ್ತು ಏದುಸಿರು ಬಿಡುತ್ತಾ ಹತ್ತಬೇಕು. ನೆಗೆಟಿವ್ ಚಿಕ್ಕದಿರಲಿ, ಆಮೇಲೆ ಪ್ರಿಂಟನ್ನು ದೊಡ್ಡದು ಮಾಡಿಕೊಂಡರಾಯಿತು ಎಂಬ ಯೋಚನೆ ಹುಟ್ಟಿದ್ದು ಅಲ್ಲೇ. 1911ರಲ್ಲಿ ಆತ ವೆಟ್ಸ್ಲಾರ್ ಊರಿನ ಲೈಟ್ಸ್ ಕಂಪನಿ ಸೇರಿದ. ಅವರ ಮುಖ್ಯ ಕಸುಬು ಮೈಕ್ರೋಸ್ಕೋಪ್.

ಸಿನಿಮಾ ಫಿಲ್ಮಿನಲ್ಲಿ ಫೋಟೋ ತೆಗೆದ ಮೊದಲ ಕ್ಯಾಮೆರಾ ಬಾರ್ನಾಕ್‌ನದು ಎಂದು ಈಗಲೂ ಬರೆಯುತ್ತಾರೆ. ಅದು ತಪ್ಪು. ಆತನ ಕ್ಯಾಮೆರಾ ಅಂಗಡಿಗೆ ಬರುವ ಎಷ್ಟೋ ವರ್ಷ ಮೊದಲೇ ಅಮೆರಿಕದಲ್ಲಿ ‘ಟೂರಿಸ್ಟ್ ಮಲ್ಟಿಪಲ್’ ಮಾರಾಟಕ್ಕಿತ್ತು. ಬಾರ್ನಾಕ್‌ನ ಜಾಣತನ ಇರುವುದು ಬೇರೆ ಕಡೆ.

ಬಟ್ಟೆಯ ಥಾನು ನೆನಪಿಸಿಕೊಳ್ಳಿ. ಪನ್ನ ಎಷ್ಟಿದೆಯೋ ಅಷ್ಟೇ, ಉದ್ದ ಮಾತ್ರ ನಮಗೆ ಬೇಕಾದಷ್ಟು ಹರಿಸಿಕೊಳ್ಳಬಹುದು, ಅಲ್ವಾ? ಫಿಲ್ಮೂ ಹಾಗೆಯೇ. ಅದರ ಅಗಲ 35 ಮಿ.ಮೀ. ಎರಡೂ ಅಂಚಿನ ತೂತುಗಳನ್ನು ಬಿಟ್ಟರೆ ಚಿತ್ರಕ್ಕೆ ಸಿಗುವುದು 24 ಮಿ.ಮೀ. ಸಿನಿಮಾ ಕ್ಯಾಮೆರಾದಲ್ಲಿ ಫಿಲ್ಮು ಮೇಲಿನಿಂದ ಕೆಳಕ್ಕೆ ಓಡುತ್ತದೆ. ಹಾಗಾಗಿ ಈ 24 ಚಿತ್ರದ ಅಗಲವಾಗಿಬಿಡುತ್ತದೆ, ಎತ್ತರ 18. ಬಾರ್ನಾಕ್ ಫಿಲ್ಮನ್ನು ಅಡ್ಡ ಮಲಗಿಸಿದ. ಈಗ 24 ಎತ್ತರವಾಯಿತು, ಅಗಲ ಥಾನಿನ ಉದ್ದದ ಕಡೆಗೆ ಬಂತು. ಆತ ಸಿನಿಮಾದ ಎರಡು ಚೌಕಟ್ಟಿನ ಜಾಗ ಒಟ್ಟಿಗೆ ತೆಗೆದುಕೊಂಡ: 36 ಮಿ.ಮೀ. ಒಂದು ಫೋಟೋಗೆ ಎಂಟು ತೂತು.

ಆದರೂ ಆ ಗಾಜಿನ ಪ್ಲೇಟಿಗೆ ಹೋಲಿಸಿದರೆ ಇದು 27ರಲ್ಲಿ ಒಂದು ಪಾಲು. ಇಷ್ಟು ಚಿಕ್ಕದನ್ನು ಹಿಗ್ಗಿಸಿದರೆ ಲೆನ್ಸಿನ ಸಣ್ಣ ಮಸುಕೂ ಎದ್ದು ಕಾಣುತ್ತದೆ. ಸಿನಿಮಾ ಲೆನ್ಸ್ ಹಾಕೋಣವೆಂದರೆ ಅದು ಬೆಳಕು ಚೆಲ್ಲುವುದು ಅರ್ಧದಷ್ಟು ಚೌಕಟ್ಟಿಗೆ, ಮೂಲೆಗಳು ಕಪ್ಪಾಗುತ್ತವೆ. ಕಂಪನಿಯಲ್ಲೇ ಇದ್ದ ಮಾಕ್ಸ್ ಬೆರೆಕ್ 50 ಮಿ.ಮೀ.ನ ಹೊಸ ಲೆನ್ಸಿನ ಲೆಕ್ಕ ಹಾಕಿಕೊಟ್ಟ.

ನನಗೆ ಜಾಸ್ತಿ ಇಷ್ಟವಾಗುವುದು ಮಾತ್ರ ಮೇಲಿನ ತಿರುಪು. ಅದನ್ನು ತಿರುಗಿಸಿದರೆ ಫಿಲ್ಮು ಎಂಟು ತೂತು ಮುಂದೆ ಹೋಗುತ್ತದೆ, ಜೊತೆಗೇ ಶಟರಿನ ಸ್ಪ್ರಿಂಗೂ ಬಿಗಿಯಾಗುತ್ತದೆ. ಹಾಕದ ಹೊರತು ಕೀಲಿ ಈಚೆ ಬಾರದ ಬೀಗ ನೋಡಿದ್ದೀರಲ್ಲ, ಹಾಗೆ. ಫಿಲ್ಮು ಸರಿಯದೆ ಶಟರ್ ಸಿದ್ಧವಾಗುವುದೇ ಇಲ್ಲ. ಮರೆತು ಒಂದರ ಮೇಲೊಂದು ಫೋಟೋ ತೆಗೆಯುವ ಪ್ರಮಾದ ಹೀಗೆ ತಪ್ಪಿತು. ಆ ಶಟರ್ ಎಂದರೆ ಎರಡು ಬಟ್ಟೆಯ ಪರದೆ. ಒಂದು ಓಡುತ್ತದೆ, ಅದರ ಹಿಂದೆಯೇ ಇನ್ನೊಂದು. ನಡುವಿನ ಸೀಳಿನಿಂದ ಬೆಳಕು ಫಿಲ್ಮಿನ ಮೇಲೆ ಹಾಯುತ್ತದೆ. ಸೆಕೆಂಡಿನ 500ರಲ್ಲಿ ಒಂದು ಪಾಲು ಬೇಕೆಂದರೆ ಪರದೆ ಜೋರಾಗಿ ಓಡಬೇಕಿಲ್ಲ, ಸೀಳು ಕಿರಿದಾದರೆ ಸಾಕು. ಜೆರಾಕ್ಸ್ ಯಂತ್ರದ ಬೆಳಕಿನ ಪಟ್ಟಿ ಕಾಗದದ ಉದ್ದಕ್ಕೂ ಸರಿಯುತ್ತದಲ್ಲ, ಅದೇ ರೀತಿ.

1914ಕ್ಕೆಲ್ಲ ಮಾದರಿ ಸಿದ್ಧವಿತ್ತು. ಯುದ್ಧ ಬಂತು, ಕೆಲಸ ನಿಂತಿತು. 1920ರಲ್ಲಿ ವೆಟ್ಸ್ಲಾರ್‌ಗೆ ನೆರೆ ನುಗ್ಗಿದಾಗ ಬಾರ್ನಾಕ್ ಅದರಲ್ಲೇ ಊರಿನ ಫೋಟೋ ತೆಗೆದ. ಜರ್ಮನಿ ಹಣದುಬ್ಬರದಲ್ಲಿ ನಲುಗಿ ಎದ್ದ ಹೊತ್ತಿಗೆ, 1924ರಲ್ಲಿ, ಮಾಲೀಕ ಎರಡನೇ ಅರ್ನ್ಸ್ಟ್ ಲೈಟ್ಸ್ ನಷ್ಟವಾದರೂ ಸರಿ, ಮಾಡಿಯೇ ಬಿಡೋಣ ಎಂದು ತೀರ್ಮಾನಿಸಿದ. ಮರುವರ್ಷ ಲೈಪ್‌ಜಿಗ್ ಮೇಳದಲ್ಲಿ ‘ಲೈಕಾ’ ಹೊರಬಂತು. ಲೈಟ್ಸ್ ಮತ್ತು ಕ್ಯಾಮೆರಾ ಸೇರಿ ಆದ ಹೆಸರು ಅದು.

ಅದಕ್ಕೂ ಮುಂಚೆ ಪರೀಕ್ಷೆಗೆಂದು ಮಾಡಿದ ಕೆಲವೇ ಕ್ಯಾಮೆರಾಗಳಲ್ಲಿ 105ನೇ ನಂಬರಿನದು ಬಾರ್ನಾಕ್‌ನ ಸ್ವಂತದ್ದು. 2022ರ ಹರಾಜಿನಲ್ಲಿ ಅದು 1 ಕೋಟಿ 44 ಲಕ್ಷ ಯೂರೋಗೆ ಹೋಯಿತು. ಆ ಸರಣಿಯ ಕ್ಯಾಮೆರಾದಲ್ಲಿ ತಿರುಪು ತಿರುಗಿಸುವಾಗ ಪರದೆಗಳ ನಡುವಿನ ಸೀಳು ಮುಚ್ಚಿಕೊಳ್ಳುತ್ತಿರಲಿಲ್ಲ. ಪ್ರತಿ ಫೋಟೋ ಆದ ಮೇಲೂ ಲೆನ್ಸಿಗೆ ಮುಚ್ಚಳ ಹಾಕಿಯೇ ಫಿಲ್ಮು ಮುಂದೆ ಸರಿಸಬೇಕಿತ್ತು. 1925ರಲ್ಲಿ ಮಾರಾಟಕ್ಕೆ ಬಂದ ಲೈಕಾದಲ್ಲಿ ಎರಡು ಪರದೆಗಳೂ ಒಂದರ ಮೇಲೊಂದು ಕೂತು ಹಿಂದಕ್ಕೆ ಬರುತ್ತಿದ್ದವು. ಮುಚ್ಚಳದ ಕೆಲಸ ಅಲ್ಲಿಗೆ ತಪ್ಪಿತು.